ತಂತಿಯ ತಡೆಗೊಂದು ಅಳತೆಗೋಲು

1781ರಲ್ಲಿ ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್ ಬಳಿ ಕರೆಂಟು ಅಳೆಯುವ ಮೀಟರ್ ಇರಲಿಲ್ಲ. ಇದ್ದದ್ದು ಅವನ ಮೈ. ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ವಿದ್ಯುತ್ ಹಾಯಿಸಿ, ಯಾವುದರ ಶಾಕ್ ಎಷ್ಟು ಜೋರೆಂದು ತಾಳೆ ನೋಡುತ್ತಿದ್ದ. ಆ ಅಂದಾಜು ಬಹುಮಟ್ಟಿಗೆ ಸರಿಯೇ ಇತ್ತು. ಆದರೆ ಅವನು ಪ್ರಕಟಿಸಲಿಲ್ಲ; ಮ್ಯಾಕ್ಸ್‌ವೆಲ್ ಆ ಟಿಪ್ಪಣಿಗಳನ್ನು ಅಚ್ಚು ಹಾಕಿಸುವಾಗ 1879.

ಅಷ್ಟು ಹೊತ್ತಿಗೆ ಕರೆಂಟಿಗೂ ತಡೆಗೂ ಇರುವ ನಂಟಿನ ನಿಯಮಕ್ಕೆ ಬೇರೊಬ್ಬನ ಹೆಸರು ಅಂಟಿಯಾಗಿತ್ತು.

ಉದ್ದ ಹೆಚ್ಚಿದಂತೆ ತಂತಿಯ ತಡೆ, ಅಂದರೆ ರೋಧ, ಹೆಚ್ಚುತ್ತದೆ, ದಪ್ಪ ಹೆಚ್ಚಿದಂತೆ ತಗ್ಗುತ್ತದೆ ಎಂಬುದನ್ನು 1821ರಲ್ಲೇ ಹಂಫ್ರಿ ಡೇವಿ ತೋರಿಸಿದ್ದ. ಅದಕ್ಕೆ ಖಚಿತ ಸೂತ್ರ ಕೊಟ್ಟವನು ಜರ್ಮನಿಯ ಕಲೋನ್‌ನಲ್ಲಿ ಪಾಠ ಹೇಳುತ್ತಿದ್ದ ಗೇಯಾರ್ಗ್ ಓಮ್. 1825ರ ಅವನ ಮೊದಲ ಪ್ರಯತ್ನ ಕೈಕೊಟ್ಟಿತು. ದೋಷ ತಂತಿಯದಲ್ಲ, ಬ್ಯಾಟರಿಯದು: ಅಳೆಯುತ್ತಿದ್ದಂತೆಯೇ ಅದು ಸೊರಗುತ್ತಿತ್ತು. ಭೌತವಿಜ್ಞಾನಿ ಪೊಗೆನ್‌ಡಾರ್ಫ್‌ನ ಸಲಹೆಯಂತೆ ಓಮ್ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿಗೂ ಇನ್ನೊಂದನ್ನು ಮಂಜುಗಡ್ಡೆಗೂ ಒಡ್ಡಿದ. ಉಷ್ಣತೆಯ ವ್ಯತ್ಯಾಸ ಕದಲದ್ದರಿಂದ ವಿದ್ಯುತ್ ಒತ್ತಡವೂ (ವೋಲ್ಟೇಜ್) ಕದಲಲಿಲ್ಲ. 1826ರಲ್ಲಿ ಬೇರೆ ಬೇರೆ ಉದ್ದದ ತಂತಿ ಜೋಡಿಸಿ, ಕಾಂತಸೂಚಿಯ ಓಲಾಟದಿಂದ ಕರೆಂಟು ಲೆಕ್ಕಹಾಕಿದ. ಇಡೀ ಕಥೆಯಲ್ಲಿ ನಿಜವಾದ ಜಾಣತನ ಇದೇ. ಸೂತ್ರ ಆಮೇಲಿನ ಮಾತು.

ಆ ಸೂತ್ರ (ಕರೆಂಟನ್ನು ರೋಧದಿಂದ ಗುಣಿಸಿದರೆ ವೋಲ್ಟ್) ಇಂದು ಯಾವ ವೈರಿಂಗ್ ಕೆಲಸಕ್ಕೂ ಸಾಕು. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. 2,000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಹೋಗಿಬರುವ ತಂತಿ ಸೇರಿ 30 ಮೀಟರ್ ಇದ್ದು, 1.5 ಚದರ ಮಿಲಿಮೀಟರ್ ದಪ್ಪವಿದ್ದರೆ ರೋಧ 0.34 ಓಮ್, ಮೂರು ವೋಲ್ಟ್ ದಾರಿಯಲ್ಲೇ ಕರಗಿ, ಸುಮಾರು 26 ವಾಟ್ ತಂತಿಯನ್ನು ಬೆಚ್ಚಗೆ ಮಾಡುತ್ತದೆ. ಕರೆಂಟು ಅರ್ಧವಾದರೆ ಈ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ; ವೋಲ್ಟ್ ಏರಿಸಿದರೆ ಅಷ್ಟೇ ಶಕ್ತಿಗೆ ಕಡಿಮೆ ಕರೆಂಟು ಸಾಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಸಾಗಿಸಲು ಹತ್ತಾರು ಸಾವಿರ ವೋಲ್ಟ್ ಬೇಕಾದದ್ದೂ ಇದೇ ಲೆಕ್ಕಕ್ಕೆ. ತೋಟದ ಕೊನೆಯ ಬೋರ್‌ವೆಲ್‌ಗೆ ಸಣಕಲು ವೈರು ಎಳೆದು ಪಂಪು ಏಳದೆ ಪರದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೂತ್ರವಿದ್ದರೂ ಅಳತೆಗೋಲು ಒಂದಿರಲಿಲ್ಲ. ಟೆಲಿಗ್ರಾಫ್ ಕಾಲದಲ್ಲಿ ಒಬ್ಬೊಬ್ಬರದು ಒಂದೊಂದು ಮಾನಕ. ಎಂಜಿನಿಯರ್ ಯಾಕೋಬಿಯದು ತಾಮ್ರದ ತಂತಿ. ವೆರ್ನರ್ ಸೀಮೆನ್ಸ್‌ನದು 1860ರ ಪಾದರಸದ ಕಂಬ, ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತ. 1881ರ ಪ್ಯಾರಿಸ್ ಸಮ್ಮೇಳನ ‘ಓಮ್’ ಹೆಸರಿಗೆ ಮುದ್ರೆಯೊತ್ತಿತು.

ಆದರೆ ಮಾನಕವಾಗಬೇಕಾದ ತಂತಿಗೂ ಒಂದು ಚಾಳಿಯಿದೆ: ಕಾದರೆ ರೋಧ ಏರುತ್ತದೆ. 100 ವಾಟ್‌ನ ಹಳೆಯ ಬಲ್ಬು ಉರಿಯುವಾಗ 529 ಓಮ್. ಆರಿಸಿ ತಣ್ಣಗಾದ ಮೇಲೆ ಮೀಟರ್ ಹಿಡಿದರೆ ಅದರ ಹತ್ತನೇ ಒಂದು ಪಾಲೂ ಇರದು. ತದ್ವಿರುದ್ಧವಾಗಿ, 1911ರಲ್ಲಿ ಲೈಡನ್‌ನ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಣಿಸಿದಾಗ ರೋಧ ಥಟ್ಟನೆ ಮಾಯವಾಯಿತು.

ಅಳತೆಗೋಲಿನ ತಕರಾರು ಬಗೆಹರಿಸಿದ್ದು ಲೋಹದ ತಂತಿಯಲ್ಲ, ಅರೆವಾಹಕದ ಚಿಪ್. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಅದರಲ್ಲಿ ಕಂಡಂತೆ, ರೋಧ ಸರಾಗವಾಗಿ ಬದಲಾಗದೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ; ಆ ಮೆಟ್ಟಿಲುಗಳ ಬೆಲೆ ವಸ್ತು ಯಾವುದೇ ಇರಲಿ ಬದಲಾಗುವುದಿಲ್ಲ. ಮೊದಲ ಮೆಟ್ಟಿಲಿನ ಬೆಲೆ 25,812.807 ಓಮ್, ಪ್ರಯೋಗಾಲಯಗಳು ಇಂದು ಓಮ್ ಮಾನಕವನ್ನು ಹೊಂದಿಸಿಕೊಳ್ಳುವುದು ಇದಕ್ಕೇ.