ಲ್ಯಾಟಿನ್ ನೆನಪಿಡಬೇಕೆ? ಅದರ ನೆಂಟರನ್ನು ಕೇಳಿ

ಶಾಲೆಯಲ್ಲಿ ಲ್ಯಾಟಿನ್ ತಗೊಂಡಿದ್ದೀರಾ? ಕಾನೂನೋ ವೈದ್ಯಕೀಯವೋ ಓದುತ್ತಾ ಲ್ಯಾಟಿನ್ ನುಡಿಗಟ್ಟುಗಳ ಪಟ್ಟಿ ಉರು ಹೊಡೀತಿದ್ದೀರಾ? ಸ್ವಲ್ಪ ತಡೆಯಿರಿ. ಮೊದಲು ಪ್ರತಿ ಪದಕ್ಕೂ ನಿಮಗೆ ಗೊತ್ತಿರುವ ಭಾಷೆಗಳಲ್ಲಿ ನೆಂಟರು ಯಾರಿದ್ದಾರೆ ಅಂತ ಹುಡುಕಿ.

'ಪೋಸ್ಟ್ ಮಾರ್ಟೆಮ್' ಅಂದರೆ ಸಾವಿನ ನಂತರ. ಈ 'ಮಾರ್ಟೆಮ್' ಫ್ರೆಂಚಿನಲ್ಲಿ 'ಮೋರ್', ಸ್ಪ್ಯಾನಿಶ್‌ನಲ್ಲಿ 'ಮುಯೆರ್ತೆ' ಆಯಿತು. ಸಂಸ್ಕೃತದಿಂದ ಕನ್ನಡಕ್ಕೆ ಬಂದ 'ಮರಣ', 'ಮೃತ್ಯು' ಇದರ ದಾಯಾದಿಗಳು. ಗಡಿಯಾರದ 'ಎ.ಎಂ.' ಬಿಡಿಸಿದರೆ 'ಆಂಟೆ ಮೆರಿಡಿಯೆಮ್', ಅಂದರೆ ನಡುಹಗಲಿಗೆ ಮುಂಚೆ. ಅದರೊಳಗೆ 'ಮೆಡಿಯುಸ್', 'ಡಿಯೆಸ್' ಎಂಬ ಎರಡು ಪದಗಳಿವೆ. ನಮ್ಮ 'ಮಧ್ಯ', 'ದಿವಸ' ನೆನಪಾದವಲ್ಲವೇ?

ಹಾಗಂತ ಕನ್ನಡ ಲ್ಯಾಟಿನ್‌ಗೆ ನೆಂಟ ಅಲ್ಲ. 'ಸಾವು', 'ನಡು', 'ಹಗಲು' ನಮ್ಮ ದ್ರಾವಿಡ ಪದಗಳು. ನೆಂಟಸ್ತನ ಇರುವುದು ಸಂಸ್ಕೃತದ ಕಡೆಯಿಂದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತಾದಲ್ಲಿ ಹೇಳಿದ್ದು ಇದನ್ನೇ.

ಇನ್ನು ಒಂದು ಬಲೆ. 'ಹೇಬಿಯಸ್ ಕಾರ್ಪಸ್'ನ ಮೊದಲ ಪದದಲ್ಲಿ 'ಹೊಂದಿರು' ಎಂಬ ಅರ್ಥವಿದೆ. ಜರ್ಮನ್ನಿನ 'ಹಾಬೆನ್'ಗೂ ಅದೇ ಅರ್ಥ, ಹೆಚ್ಚುಕಡಿಮೆ ಅದೇ ಸದ್ದು. ಆದರೂ ಅವೆರಡಕ್ಕೂ ಸಂಬಂಧವಿಲ್ಲ! ಲ್ಯಾಟಿನ್‌ನಲ್ಲಿ ಪದದ ಮೊದಲು 'ಕ' ಇರುವ ಕಡೆ ಜರ್ಮನ್‌ನಲ್ಲಿ 'ಹ' ಬರುತ್ತದೆ: ನೂರಕ್ಕೆ ಅಲ್ಲಿ 'ಕೆಂಟುಮ್', ಇಲ್ಲಿ 'ಹುಂಡರ್ಟ್'. ಹಾಗಾಗಿ 'ಹಾಬೆನ್'ನ ನಿಜವಾದ ನೆಂಟ 'ಹಿಡಿ' ಎನ್ನುವ ಅರ್ಥದ 'ಕಾಪೆರೆ'. ಡೇಟಾ ಕೆಲಸದಲ್ಲೂ ಇದೇ ಪಾಠ: ಒಂದು ಹೋಲಿಕೆ ಸಾಕ್ಷಿಯಲ್ಲ, ಮತ್ತೆ ಮತ್ತೆ ಕಾಣುವ ಕ್ರಮ ಸಾಕ್ಷಿ. ನೆನಪಿಡೋಕೆ 'ಹಾಬೆನ್' ಬಳಸಿಕೊಳ್ಳಿ, ಇತಿಹಾಸ ಅಂತ ಮಾತ್ರ ನಂಬಬೇಡಿ.

ಹಾಗಾದರೆ ಲ್ಯಾಟಿನ್ ಸತ್ತಿದ್ದು ಯಾವಾಗ? 813ರಲ್ಲಿ ಫ್ರಾನ್ಸಿನ ಟೂರ್ಸ್‌ನಲ್ಲಿ ಸೇರಿದ ಚರ್ಚಿನ ಸಭೆ, ಜನರಿಗೆ ಅರ್ಥವಾಗಲು ಉಪದೇಶವನ್ನು 'ಹಳ್ಳಿಗರ ರೋಮನ್' ಮಾತಿಗೆ ಅಥವಾ ಜರ್ಮಾನಿಕ್ ಆಡುಮಾತಿಗೆ ತಿರುಗಿಸಿ ಹೇಳಬೇಕೆಂದು ಪಾದ್ರಿಗಳಿಗೆ ಸೂಚಿಸಿತು. 842ರಲ್ಲಿ ಸ್ಟ್ರಾಸ್‌ಬೋರ್ಗ್‌ನಲ್ಲಿ ಇಬ್ಬರು ರಾಜ ಸಹೋದರರು ಒಬ್ಬರ ಸೈನ್ಯಕ್ಕೆ ಇನ್ನೊಬ್ಬರು ತಿಳಿಯುವ ಭಾಷೆಯಲ್ಲಿ ಪ್ರಮಾಣ ಮಾಡಿದರು. ಅದರಲ್ಲಿ ಒಂದು, ಮುಂದೆ ಫ್ರೆಂಚ್ ಆದ ಅದೇ ಹಳ್ಳಿ ಮಾತು. ಅಂದರೆ ಲ್ಯಾಟಿನ್ ಸಾಯಲಿಲ್ಲ, ಬಾಯಿಂದ ಬಾಯಿಗೆ ಬದಲಾಗುತ್ತಾ ಹೋಯಿತು.

ಇದು ನಮಗೂ ಹೊಸದಲ್ಲ. 'ಕಾರ್ಯ' ತತ್ಸಮ, 'ಕಜ್ಜ' ತದ್ಭವ. ಫ್ರೆಂಚಿನಲ್ಲೂ ಹಾಗೇ: ಜನರ ಬಾಯಲ್ಲಿ ಸವೆದು ಬಂದದ್ದು 'ಫ್ರೆಲ್', ಮುಂದೆ ವಿದ್ವಾಂಸರು ಲ್ಯಾಟಿನ್‌ನಿಂದ ನೇರವಾಗಿ ತಂದದ್ದು 'ಫ್ರಾಜಿಲ್'. ಎರಡರ ಮೂಲವೂ 'ಫ್ರಾಗಿಲಿಸ್', ಸುಲಭವಾಗಿ ಮುರಿಯುವಂಥದ್ದು.

ಹೊರದೇಶದಲ್ಲಿ ಬೆಳೆದ ನಿಮ್ಮಲ್ಲಿ ಹಲವರು "ನನ್ನ ಕನ್ನಡ ಸರಿಯಿಲ್ಲ, ಬರೀ ಮನೇಲಿ ಆಡೋದು" ಅಂತ ಹಿಂಜರೀತೀರಿ. ಹನ್ನೆರಡು ಶತಮಾನದ ಹಿಂದೆ ಆ ಹಳ್ಳಿಗರು ನಾಚಿ ಸುಮ್ಮನಾಗಿದ್ದರೆ ಇವತ್ತು ಫ್ರೆಂಚ್ ಎಲ್ಲಿರುತ್ತಿತ್ತು? ಮನೇಲಿ ಮಾತಾಡಿ. ಭಾಷೆ ಉಳಿಯೋದು ಅಲ್ಲೇ.