ಗೋಂದಿನಲ್ಲಿ ಉಳಿದ ನಾಟಕ

ನಾಟಕದ ಕರಪತ್ರವನ್ನು ಯಾರು ಎತ್ತಿಡುತ್ತಾರೆ? ಆಟ ಮುಗಿದ ಮರುದಿನ ಅದು ಬರಿಯ ಕಾಗದ. ಆಸ್ಟ್ರೇಲಿಯಾದಲ್ಲಿ ಅಚ್ಚಾಗಿ ಇಂದಿಗೂ ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು ಅಂಥದೇ ಒಂದು ಕರಪತ್ರ. 1796ರ ಜುಲೈ 30ರ ಶನಿವಾರ ಸಿಡ್ನಿಯ ರಂಗಮಂದಿರದಲ್ಲಿ 'ಜೇನ್ ಶೋರ್' ನಾಟಕವಿದೆ, ಬಟ್ಲರ್ ಮತ್ತು ಬ್ರಯಂಟ್ ಎಂಬಿಬ್ಬರ ಸಹಾಯಾರ್ಥ ಪ್ರದರ್ಶನ ಎಂದು ಅದು ಸಾರುತ್ತದೆ.

ಅದನ್ನು ಅಚ್ಚು ಹಾಕಿದವನು ಜಾರ್ಜ್ ಹ್ಯೂಸ್. ಕೈದಿಗಳನ್ನು ಹೊತ್ತು 1788ರಲ್ಲಿ ಬಂದ ಮೊದಲ ನೌಕಾಪಡೆಯಲ್ಲೇ ಒಂದು ಪುಟ್ಟ ಮರದ ಮುದ್ರಣಯಂತ್ರವೂ ಬಂದಿತ್ತು. ನಡೆಸಬಲ್ಲವರಿಲ್ಲದೆ ಅದು ಏಳು ವರ್ಷ ಸುಮ್ಮನೆ ಬಿದ್ದಿತ್ತು. ಅಲ್ಲಿಯವರೆಗೆ ಗವರ್ನರನ ಆಜ್ಞೆಗಳನ್ನು ಕೈಯಲ್ಲೇ ನಕಲು ಮಾಡಿ ಹಂಚುತ್ತಿದ್ದರು. ಹ್ಯೂಸ್ ಸಿಕ್ಕ ಮೇಲೆ ಆಜ್ಞೆಗಳು ಅಚ್ಚಾಗತೊಡಗಿದವು. ಅವೇ ಮೊಳೆಗಳಿಂದ ಕೈದಿಗಳ ನಾಟಕದ ಕರೆಯೂ ಅಚ್ಚಾಯಿತು. 'ಮಾಡಬೇಡ' ಎನ್ನುತ್ತಿದ್ದ ಯಂತ್ರ 'ಬನ್ನಿ' ಎಂದದ್ದು ನನಗಂತೂ ಸಣ್ಣ ಸಂಗತಿಯಲ್ಲ.

ರಂಗಮಂದಿರ ಕಟ್ಟಿದ ರಾಬರ್ಟ್ ಸಿಡವೇ ಕೈದಿಯಾಗಿ ಬಂದು ಬೇಕರಿ ನಡೆಸುತ್ತಿದ್ದವನು. ನಟರಲ್ಲಿ ಹೆಚ್ಚಿನವರೂ ಕೈದಿಗಳೇ. 1796ರ ಜನವರಿಯಲ್ಲಿ ಮೊದಲ ಆಟ. ಗ್ಯಾಲರಿಗೆ ಒಂದು ಶಿಲ್ಲಿಂಗ್. ಆದರೆ ವಸಾಹತಿನಲ್ಲಿ ನಾಣ್ಯವೆಲ್ಲಿ? ಹಿಟ್ಟು, ಮಾಂಸ, ಮದ್ಯ ಕೊಟ್ಟರೂ ಒಳಗೆ ಬಿಡುತ್ತಿದ್ದರು. ಅಲ್ಲಿನ ನ್ಯಾಯಾಧಿಕಾರಿ ಡೇವಿಡ್ ಕಾಲಿನ್ಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಜನ ಆಟ ನೋಡುತ್ತ ಕೂತಿರುವಾಗ ಅವರ ಖಾಲಿ ಮನೆಗಳಿಗೆ ಕಳ್ಳರು ನುಗ್ಗುತ್ತಿದ್ದರು ಎಂಬುದು ಅವನ ದೂರು. ನಮ್ಮೂರ ಬಯಲಾಟದ ರಾತ್ರಿಗಳ ಬಗ್ಗೆಯೂ ಇಂಥ ಮಾತು ಕೇಳಿದ್ದೇನೆ. ಕಾಲಿನ್ಸನಿಗೆ ಕಂಡದ್ದು ಬರೀ ಕಳ್ಳತನ. ಹಸಿದ ಊರಿನಲ್ಲಿ ಒಂದು ಸಂಜೆಗಾಗಿ ಹಿಟ್ಟು ಬಿಟ್ಟುಕೊಟ್ಟವರ ಬಗ್ಗೆ ಅವನು ಹೆಚ್ಚು ಯೋಚಿಸಿದಂತಿಲ್ಲ.

ಹ್ಯೂಸ್‌ನ ನಂತರ ಆ ಯಂತ್ರ ಜಾರ್ಜ್ ಹೋವ್‌ನ ಕೈಗೆ ಬಂತು. ಕಳ್ಳತನದ ಶಿಕ್ಷೆಗೆ ಗಡೀಪಾರಾಗಿ 1800ರಲ್ಲಿ ಬಂದಿಳಿದ ಇವನು ಲಂಡನ್ನಿನಲ್ಲಿ ಪಳಗಿದ ಮುದ್ರಕ. 1803ರ ಮಾರ್ಚ್ 5ರಂದು ಆ ನೆಲದ ಮೊದಲ ಪತ್ರಿಕೆ 'ಸಿಡ್ನಿ ಗೆಜೆಟ್' ಹೊರಬಂತು. ಸರಕಾರದ ಕಣ್ಣು ದಾಟದೆ ಅದರಲ್ಲಿ ಏನೂ ಅಚ್ಚಾಗುತ್ತಿರಲಿಲ್ಲ. ಇತಿಹಾಸದ ಪುಸ್ತಕಗಳು ಹೋವ್‌ನನ್ನು ವಿಸ್ತಾರವಾಗಿ ನೆನೆಯುತ್ತವೆ. ಹ್ಯೂಸ್‌ಗೆ ಸಿಗುವುದು ಒಂದೆರಡು ಸಾಲು.

ಕರಪತ್ರ ಮತ್ತೆ ಸಿಕ್ಕಿದ್ದು ಕೆನಡಾದಲ್ಲಿ, ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಹಳೆಯ ತುಣುಕುಪುಸ್ತಕವೊಂದಕ್ಕೆ ಅಂಟಿಸಿದ ಸ್ಥಿತಿಯಲ್ಲಿ. 2007ರಲ್ಲಿ ಕೆನಡಾ ಅದನ್ನು ಆಸ್ಟ್ರೇಲಿಯಾಕ್ಕೆ ಒಪ್ಪಿಸಿತು. ಈಗದು ಕ್ಯಾನ್‌ಬೆರಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.