ಆಸ್ಪತ್ರೆಯ ವಿನ್ಯಾಸ ಮತ್ತು ರೋಗಿಯ ಚೇತರಿಕೆ: ಒಂದು ಇತಿಹಾಸ

ಗಾಳಿ, ಬೆಳಕು, ಸದ್ದು, ಕಿಟಕಿಯಾಚೆಯ ನೋಟ, ಕುರ್ಚಿಗಳನ್ನು ಹಾಕಿದ ರೀತಿ ಮನುಷ್ಯನ ಮನಸ್ಸು, ಮೈ ಮತ್ತು ನಡವಳಿಕೆಯ ಮೇಲೆ ಪ್ರಭಾವ ಬೀರುತ್ತವೆ ಎಂಬುದು ಹಳೆಯ ನಂಬಿಕೆ. ಆ ನಂಬಿಕೆಯನ್ನು ಲೆಕ್ಕಕ್ಕೆ ಒಡ್ಡಲು ಆಸ್ಪತ್ರೆಗಿಂತ ತಕ್ಕ ಜಾಗ ಇರಲಿಲ್ಲ. ಅಲ್ಲಿ ಸಾವು, ಜ್ವರ, ಮಲಗಿದ ದಿನಗಳು, ಕೊಟ್ಟ ಮಾತ್ರೆಗಳು ಎಲ್ಲವೂ ಬರಹದಲ್ಲಿ ಉಳಿಯುತ್ತವೆ. ಹಾಗಾಗಿ ಕಟ್ಟಡ ಮನುಷ್ಯನಿಗೆ ಏನು ಮಾಡುತ್ತದೆ ಎಂಬ ವಿಚಾರದ ಒಳ್ಳೆಯ ಪುರಾವೆಗಳಲ್ಲಿ ಹಲವು ವಾರ್ಡುಗಳಿಂದಲೇ ಬಂದಿವೆ.

18ನೆಯ ಶತಮಾನದ ಪ್ಯಾರಿಸ್‌ನಲ್ಲಿ ಓತೆಲ್-ದ್ಯೂ ಎಂಬ ಪುರಾತನ ಆಸ್ಪತ್ರೆ ಕುಖ್ಯಾತವಾಗಿತ್ತು. ಒಂದೇ ಮಂಚದಲ್ಲಿ ಹಲವು ರೋಗಿಗಳು ಒತ್ತೊತ್ತಾಗಿ ಮಲಗುತ್ತಿದ್ದರು. ಜ್ವರದವನ ಪಕ್ಕದಲ್ಲೇ ಸಾಯುತ್ತಿರುವವನು. 1772ರಲ್ಲಿ ಅದಕ್ಕೆ ಬೆಂಕಿ ಬಿದ್ದ ಮೇಲೆ ಮತ್ತೆ ಹೇಗೆ ಕಟ್ಟಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಶಸ್ತ್ರವೈದ್ಯ ಜಾಕ್ ತೆನೋ 1788ರಲ್ಲಿ ಪ್ರಕಟಿಸಿದ ವರದಿ ಆಸ್ಪತ್ರೆಯ ಕಟ್ಟಡವನ್ನೂ ಚಿಕಿತ್ಸೆಯ ಭಾಗವಾಗಿ ಕಂಡಿತು. ಇಂಗ್ಲೆಂಡಿನ ಪ್ಲಿಮತ್ ಬಳಿಯ ನೌಕಾಪಡೆಯ ಆಸ್ಪತ್ರೆ ಅವರಿಗೆ ತುಂಬ ಮೆಚ್ಚಿಗೆಯಾಗಿತ್ತು. ಅಲ್ಲಿ ವಾರ್ಡುಗಳು ಬಿಡಿಬಿಡಿ ಕಟ್ಟಡಗಳಲ್ಲಿದ್ದು, ನಡುವೆ ಗಾಳಿಯಾಡಲು ಬಯಲು ಬಿಟ್ಟಿದ್ದರು.

ಈ ವಿಚಾರಕ್ಕೆ ಜಗತ್ತಿನಾದ್ಯಂತ ಬಲ ತಂದವರು ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆಂದು 1854ರ ನವೆಂಬರಿನಲ್ಲಿ ಅವರು ಇಸ್ತಾಂಬುಲ್ ಎದುರಿನ ಸ್ಕುಟಾರಿಗೆ ಬಂದಾಗ ಸೈನಿಕರ ಬ್ಯಾರಕ್ಕೇ ಆಸ್ಪತ್ರೆಯಾಗಿತ್ತು. ಅದರ ಅಡಿಯಲ್ಲಿ ಚರಂಡಿಗಳು ಕಟ್ಟಿಕೊಂಡಿದ್ದವು. ಮುಂದಿನ ಫೆಬ್ರವರಿಯ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ 42ರಷ್ಟಕ್ಕೆ ಏರಿತ್ತು. 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ತೊಳೆಸಿ, ಗಾಳಿಯಾಡಲು ದಾರಿ ಮಾಡಿಸಿತು. ಬೇಸಿಗೆಯ ವೇಳೆಗೆ ಆ ಪ್ರಮಾಣ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಊರಿಗೆ ಮರಳಿದ ನೈಟಿಂಗೇಲ್ ಈ ಲೆಕ್ಕಗಳನ್ನು ತಿರುವಿ ಹಾಕುತ್ತ, ಕೊಂದದ್ದು ಗಾಯಕ್ಕಿಂತ ಹೆಚ್ಚಾಗಿ ಕಟ್ಟಡದ ದುಃಸ್ಥಿತಿ ಎಂಬ ತೀರ್ಮಾನಕ್ಕೆ ಬಂದರು. 1859ರಲ್ಲಿ ಆಸ್ಪತ್ರೆಗಳ ಕುರಿತ ಅವರ ಪುಸ್ತಕ ಹೊರಬಂತು.

ಅವರ ಹೆಸರಿನಿಂದಲೇ ಪ್ರಸಿದ್ಧವಾದ ವಾರ್ಡು ಉದ್ದನೆಯ ಹಜಾರ. ಎರಡೂ ಗೋಡೆಗೆ ತಲೆ ಕೊಟ್ಟು ಸುಮಾರು 30 ಮಂಚಗಳು, ಮಂಚಗಳ ನಡುವೆ ಎತ್ತರದ ಕಿಟಕಿಗಳು, ಅವುಗಳಿಗೆ ನೇರ ಎದುರಾಗಿ ಆಚೆ ಗೋಡೆಯಲ್ಲೂ ಕಿಟಕಿಗಳು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಬೇಕು. ದಾದಿ ಒಂದೆಡೆ ನಿಂತರೆ ಎಲ್ಲರೂ ಕಣ್ಣಿಗೆ ಬೀಳಬೇಕು. 1871ರಲ್ಲಿ ಥೇಮ್ಸ್ ದಂಡೆಯಲ್ಲಿ ಉದ್ಘಾಟನೆಯಾದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ ಇದರ ದೊಡ್ಡ ಮಾದರಿ. ನೈಟಿಂಗೇಲ್ ಗಾಳಿಯಷ್ಟಕ್ಕೇ ನಿಲ್ಲಲಿಲ್ಲ. ಅನಗತ್ಯ ಸದ್ದು, ಬಾಗಿಲಾಚೆಯ ಪಿಸುಮಾತು ರೋಗಿಯನ್ನು ಹೇಗೆ ಹಿಂಸಿಸುತ್ತದೆ, ಹೂವಿನ ಬಣ್ಣ ಹೇಗೆ ಮೈಗೇ ಹಿತವಾಗುತ್ತದೆ ಎಂದು ದಾದಿಯರಿಗಾಗಿ ಬರೆದರು. ಕೆಟ್ಟ ಗಾಳಿಯಿಂದಲೇ ರೋಗ ಹುಟ್ಟುತ್ತದೆಂಬ ಅವರ ಸಿದ್ಧಾಂತ ರೋಗಾಣುಗಳ ಶೋಧದ ಮುಂದೆ ಬಿದ್ದುಹೋಯಿತು. ಆದರೆ ಆ ತಪ್ಪು ಸಿದ್ಧಾಂತದಿಂದ ಹುಟ್ಟಿದ ಕಟ್ಟಡ ಸರಿಯಾಗಿತ್ತು.

ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ಗಾಳಿ, ಬಿಸಿಲು, ವಿಶ್ರಾಂತಿಯೇ ಚಿಕಿತ್ಸೆಯಾಯಿತು. ಬೆಟ್ಟಗಳಲ್ಲೂ ಊರಾಚೆಯ ಬಯಲುಗಳಲ್ಲೂ ಸ್ಯಾನಿಟೋರಿಯಂಗಳು ಎದ್ದವು. ಮೈಸೂರಿನಲ್ಲಿ ಕ್ಷಯಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ, ಜನ ಈಗಲೂ ಪಿಕೆಟಿಬಿ ಎನ್ನುವ ಸ್ಯಾನಿಟೋರಿಯಂ ಈ ಪರಂಪರೆಯದು. ಅದರ ಅತ್ಯುತ್ತಮ ನಿದರ್ಶನ ಫಿನ್ಲೆಂಡಿನ ಪೈಮಿಯೊದಲ್ಲಿದೆ. ಆಲ್ವಾರ್ ಆಲ್ಟೊ 1929ರ ಸ್ಪರ್ಧೆಯಲ್ಲಿ ಗೆದ್ದು, ಪತ್ನಿ ಐನೊ ಜೊತೆಗೂಡಿ ರೂಪಿಸಿದ ಆಸ್ಪತ್ರೆ 1933ರಲ್ಲಿ ಸಿದ್ಧವಾಯಿತು. ಪೈನ್ ಕಾಡಿನ ನಡುವಿನ ಈ ಕಟ್ಟಡದಲ್ಲಿ ಪ್ರತಿ ಕೋಣೆಗೂ ಇಬ್ಬರು ರೋಗಿಗಳು, ಒಬ್ಬೊಬ್ಬರಿಗೆ ಒಂದೊಂದು ವಾಶ್‌ಬೇಸಿನ್. ಒಬ್ಬ ಕೈ ತೊಳೆದರೆ ಇನ್ನೊಬ್ಬನಿಗೆ ಎಚ್ಚರವಾಗಬಾರದೆಂದು ನೀರು ಓರೆಯಾಗಿ ಬಿದ್ದು ಸದ್ದಿಲ್ಲದೆ ಜಾರುವಂತೆ ಬೇಸಿನ್ನಿನ ಇಳಿಜಾರನ್ನು ರೂಪಿಸಿದರು. ದಿನವಿಡೀ ಮಲಗಿದವನು ನೋಡುವುದು ಚಾವಣಿಯನ್ನೇ; ಆದ್ದರಿಂದ ಅದಕ್ಕೆ ಬಿಳಿಯ ಬದಲು ಗಾಢವಾದರೂ ತಂಪಾದ ಹಸಿರು. ದೀಪ ಕಣ್ಣಿಗೆ ಕುಕ್ಕದ ಕಡೆ. ಬಾಗಿಲ ಹಿಡಿ ವೈದ್ಯರ ಅಂಗಿಯ ತೋಳಿಗೆ ಸಿಕ್ಕಿಕೊಳ್ಳದಂತೆ. ಬಾಗಿಸಿದ ಪ್ಲೈವುಡ್ಡಿನ ಕುರ್ಚಿಯ ಬೆನ್ನಿನ ಓರೆ ಉಸಿರಾಟಕ್ಕೆ ಅನುಕೂಲ ಎಂದು ಲೆಕ್ಕ ಹಾಕಿದ್ದು. ಸಾಮಾನ್ಯ ಕೋಣೆ ನಿಂತ ಮನುಷ್ಯನಿಗಾಗಿ ಇರುತ್ತದೆ, ಇಲ್ಲಿ ಮಲಗಿದ ಮನುಷ್ಯನಿಗಾಗಿ ಇರಬೇಕು ಎಂಬುದು ಆಲ್ಟೊ ಹಿಡಿದ ಸೂತ್ರ. ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಒಳನೋಟ ಮತ್ತೊಂದಿಲ್ಲ.

ಮದ್ದು ಬಂದ ಮೇಲೆ ಸ್ಯಾನಿಟೋರಿಯಂನ ಹಿರಿಮೆಗೆ ನಿಜವಾದ ಪರೀಕ್ಷೆ ಎದುರಾಯಿತು. ಅದು ನಡೆದದ್ದು ಮದ್ರಾಸಿನಲ್ಲಿ. 1956ರಲ್ಲಿ ಭಾರತೀಯ ಮತ್ತು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಗಳು, ವಿಶ್ವ ಆರೋಗ್ಯ ಸಂಸ್ಥೆ, ಮದ್ರಾಸ್ ಸರ್ಕಾರ ಸೇರಿ ಆರಂಭಿಸಿದ ಕೇಂದ್ರ ಬಡ ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಿಟೋರಿಯಂನ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ. ಇನ್ನೊಂದಕ್ಕೆ ತಮ್ಮ ಇಕ್ಕಟ್ಟಿನ ಮನೆ. ಮಾತ್ರೆ ಎರಡಕ್ಕೂ ಒಂದೇ. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವರ್ಷದ ಕೊನೆಗೆ ಎರಡೂ ಗುಂಪುಗಳ ಚೇತರಿಕೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳ ಬಾಗಿಲು ಮುಚ್ಚಲು ಇದು ದೊಡ್ಡ ಕಾರಣವಾಯಿತು. ಕಟ್ಟಡದ ಶಕ್ತಿಯನ್ನು ಹೊಗಳುವ ಬರಹಗಳು ಈ ಅಧ್ಯಯನವನ್ನು ಬಿಟ್ಟುಬಿಡುವುದು ಸರಿಯಲ್ಲ.

ಆದರೆ ಪ್ರತಿಜೈವಿಕಗಳೂ ಹವಾನಿಯಂತ್ರಣವೂ ಬಂದ ಮೇಲೆ ಕಿಟಕಿಯೇ ಬೇಡ ಎಂಬ ಅತಿರೇಕಕ್ಕೂ ಹೋದದ್ದುಂಟು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಎದ್ದ ಭಾರೀ ಆಸ್ಪತ್ರೆಗಳು ಯಂತ್ರಗಳಿಗೂ ಸಿಬ್ಬಂದಿಯ ಓಡಾಟಕ್ಕೂ ಹೊಂದುವಂತಿದ್ದವು. ಮಂಚದಲ್ಲಿ ಮಲಗಿದವನ ಕಣ್ಣಿನಿಂದ ನೋಡಿದವರು ಕಡಿಮೆ.

ಹಾಗೆ ನೋಡಿದವರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್ ಮಾನಸಿಕ ಆಸ್ಪತ್ರೆಯ ಹಂಫ್ರಿ ಆಸ್ಮಂಡ್ ಮತ್ತು ಮನೋವಿಜ್ಞಾನಿ ರಾಬರ್ಟ್ ಸಾಮರ್ ಪ್ರಮುಖರು. ಅಲ್ಲಿ ವೃದ್ಧೆಯರ ವಾರ್ಡನ್ನು ಹೊಸದಾಗಿ ಅಂದಗೊಳಿಸಿದ್ದರೂ ಅವರು ಮಾತಾಡುತ್ತಲೇ ಇರಲಿಲ್ಲ. ಕಾರಣ ಕುರ್ಚಿಗಳಲ್ಲಿತ್ತು: ಎಲ್ಲವೂ ಗೋಡೆಗಂಟಿ ಸಾಲಾಗಿದ್ದವು. ಪಕ್ಕದವಳೊಡನೆ ಮಾತಾಡಲು ಕತ್ತು ಹೊರಳಿಸಬೇಕು, ಎದುರಿನವಳು ಬಹುದೂರ. ಸಾಮರ್ ಚಿಕ್ಕ ಮೇಜುಗಳನ್ನು ಹಾಕಿಸಿ, ಸುತ್ತ ಕುರ್ಚಿಗಳನ್ನು ಇಡಿಸಿದರು. ಮೊದಲಿಗೆ ಕುರ್ಚಿಗಳು ಮತ್ತೆ ಮತ್ತೆ ಗೋಡೆಯ ಕಡೆಗೇ ಹೋಗುತ್ತಿದ್ದವು. ಕೆಲವು ವಾರಗಳಲ್ಲಿ ಮಾತುಕತೆ ಗಮನಾರ್ಹವಾಗಿ ಹೆಚ್ಚಿತು. ಮೇಜಿನ ಮೇಲಿನ ಪತ್ರಿಕೆಗಳನ್ನು ಓದುವವರೂ ಹೆಚ್ಚಿದರು. 1958ರಲ್ಲಿ ಪ್ರಕಟವಾದ ಈ ಕೆಲಸ ಪರಿಸರ ಮನೋವಿಜ್ಞಾನ ಎಂಬ ಶಾಖೆಯ ಆರಂಭದ ಮೈಲಿಗಲ್ಲು.

1984ರಲ್ಲಿ ರೋಜರ್ ಉಲ್ರಿಚ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಲೇಖನ ಇನ್ನೂ ದೂರ ಮುಟ್ಟಿತು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ಕಡತಗಳನ್ನು ಅವರು ತೆಗೆದುಕೊಂಡರು. ವಯಸ್ಸು, ಲಿಂಗ ಮುಂತಾದವನ್ನು ಸರಿಹೊಂದಿಸಿ 23 ಜೋಡಿ ಮಾಡಿದರು. ಕೋಣೆಗಳು ಒಂದೇ ರೀತಿಯವು. ವ್ಯತ್ಯಾಸವೆಂದರೆ ಒಬ್ಬರ ಕಿಟಕಿಗೆ ಮರಗಳು, ಇನ್ನೊಬ್ಬರದಕ್ಕೆ ಕಂದು ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ, ಗೋಡೆ ಕಂಡವರು 8.70 ದಿನಕ್ಕೆ ಮನೆಗೆ ಹೋದರು. ಮೊದಲಿನವರಿಗೆ ಬಲವಾದ ನೋವುನಿವಾರಕಗಳು ಕಡಿಮೆ ಬೇಕಾದವು. ದಾದಿಯರ ಟಿಪ್ಪಣಿಗಳಲ್ಲಿ ಅಳು, ಅಸಮಾಧಾನದ ಮಾತುಗಳೂ ಕಡಿಮೆ. 46 ಜನ ದೊಡ್ಡ ಸಂಖ್ಯೆಯಲ್ಲ, ಹಳೆಯ ಕಡತಗಳ ಅಧ್ಯಯನಕ್ಕೆ ಅದರದೇ ಮಿತಿಗಳಿವೆ. ಆದರೂ ಆಸ್ಪತ್ರೆಯ ತೋಟ ಬರೀ ಅಲಂಕಾರ ಎನ್ನುವವರಿಗೆ ಉತ್ತರ ಕೊಡಲು ವಾಸ್ತುಶಿಲ್ಪಿಗಳ ಕೈಗೆ ಒಂದು ಅಳತೆ ಸಿಕ್ಕಿತು.

ರೋಗಿಯ ಕಣ್ಣಿನಿಂದ ನೋಡುವ ಈ ರೀತಿ ಮುಂದೆ ಕಟ್ಟಡಗಳಲ್ಲೂ ನಿಯಮಗಳಲ್ಲೂ ಕಾಣಿಸಿಕೊಂಡಿತು. ಕ್ಯಾನ್ಸರಿನಿಂದ 1995ರಲ್ಲಿ ತೀರಿಕೊಂಡ ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅವರ ಆಶಯದಂತೆ ಕ್ಯಾನ್ಸರ್ ರೋಗಿಗಳಿಗಾಗಿ ಮರುವರ್ಷ ಎಡಿನ್‌ಬರೋದಲ್ಲಿ ತೆರೆದ ಮ್ಯಾಗಿ ಕೇಂದ್ರದಲ್ಲಿ ಸ್ವಾಗತ ಕೌಂಟರಿನ ಜಾಗದಲ್ಲಿ ಅಡುಗೆಮನೆಯ ಮೇಜಿದೆ. 2006ರ ಅಮೆರಿಕದ ಮಾರ್ಗಸೂಚಿಗಳು ಹೊಸ ಆಸ್ಪತ್ರೆಗಳಲ್ಲಿ ಒಬ್ಬರಿಗೊಂದು ಕೋಣೆಯನ್ನೇ ಮಾನದಂಡವಾಗಿಸಿದವು.

ನೈಟಿಂಗೇಲ್‌ಗೆ ನ್ಯಾಯ ಸಿಕ್ಕಿದ್ದು ಪೆರುವಿನ ಲಿಮಾದಲ್ಲಿ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಎಂಟು ಆಸ್ಪತ್ರೆಗಳ ಗಾಳಿಯನ್ನು ಅಳೆಯಿತು. 1950ಕ್ಕೆ ಮುಂಚಿನ, ಎತ್ತರದ ಚಾವಣಿ ಮತ್ತು ದೊಡ್ಡ ಕಿಟಕಿಗಳ ವಾರ್ಡುಗಳಲ್ಲಿ ಗಂಟೆಗೆ ಸುಮಾರು 40 ಬಾರಿ ಗಾಳಿ ಬದಲಾಗುತ್ತಿತ್ತು. ನಂತರ ಕಟ್ಟಿದವುಗಳಲ್ಲಿ 17 ಬಾರಿ. ಯಂತ್ರದಿಂದ ಗಾಳಿಯಾಡಿಸುವ ಪ್ರತ್ಯೇಕ ಕೋಣೆಗಳಿಗೆ ನಿಗದಿಯಾಗಿರುವುದು 12. ಎಂದರೆ ಕ್ಷಯ ಹರಡದಂತೆ ತಡೆಯುವಲ್ಲಿ ಹಳೆಯ ಹಜಾರಗಳು ಹೊಸವನ್ನು ಹಿಂದೆ ಹಾಕಿದ್ದವು. ಎರಡು ವರ್ಷಗಳ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಸ್ವಾಭಾವಿಕ ಗಾಳಿಯಾಟಕ್ಕೆಂದೇ ಮಾರ್ಗಸೂಚಿ ಹೊರಡಿಸಿತು.

ಭಾರತದಲ್ಲಿ ಈ ವಿದ್ಯೆಗೆ ಇನ್ನೊಂದು ಮುಖವಿದೆ. ಪಾಶ್ಚಾತ್ಯ ಸಂಶೋಧನೆ ಹೆಚ್ಚಾಗಿ ಒಬ್ಬಂಟಿ ರೋಗಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮಲ್ಲಿ ರೋಗಿಯ ಜೊತೆ ಮನೆಯವರೂ ಆಸ್ಪತ್ರೆಗೆ ಬರುತ್ತಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಕುಟುಂಬದವರನ್ನೂ ಇರಿಸಿದರು. ಮನೆಯವರು ರೋಗವನ್ನು ಅರಿತು, ರೋಗಿಯನ್ನು ಬೇಗ ಕರೆದೊಯ್ಯುವಂತಾಯಿತು. ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಇದೇ ದಾರಿಯ ಪ್ರಯೋಗಗಳು ನಡೆದವು. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗೆ ಗಂಜಿ ಕುಡಿಸುವವಳು, ರಕ್ತ ಪರೀಕ್ಷೆಯ ಚೀಟಿ ಹಿಡಿದು ಓಡುವವನು, ರಾತ್ರಿ ಮಂಚದಡಿ ಚಾಪೆ ಹಾಸುವವರು ಮನೆಯವರೇ. ಮಂಚಗಳನ್ನು ಮಾತ್ರ ಎಣಿಸುವ ನಕ್ಷೆಯಲ್ಲಿ ಅವರಿಗೆ ಜಾಗವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳಲ್ಲಿ ಅವರಿಗಾಗಿ ಧರ್ಮಶಾಲೆಗಳಿವೆ. ಜಿಲ್ಲಾ ಆಸ್ಪತ್ರೆಯ ನಕ್ಷೆ ಬರೆಯುವಾಗಲೇ ಅವರು ಮಲಗುವ, ಮೀಯುವ, ಉಣ್ಣುವ ಜಾಗವನ್ನೂ ಗುರುತಿಸಬೇಕು. ಅದು ವಾರ್ಡಿನಷ್ಟೇ ಚಿಕಿತ್ಸೆಯ ಭಾಗ.